‘ಹೇಗೂ’ ಎಂಬ ದುಬಾರಿ ಮಾತು

ನಮ್ಮ ಬಚ್ಚಲುಮನೆಯ ಒಂದು ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು. ಮೇಸ್ತ್ರಿಯನ್ನು ಕರೆಸಿದೆ. ಅವರು ಒಂದು ಚೊಂಬು ನೀರು ಸುರಿದು, ಅದು ಯಾವ ಕಡೆ ಹರಿಯುತ್ತದೆಂದು ನೋಡಿ, ‘ವಾಟ ಸರಿಯಿಲ್ಲ ಸಾರ್. ಆರು ಟೈಲ್ಸ್ ಎಬ್ಬಿಸಿ ಕೂರಿಸಿದ್ರೆ ಆಯ್ತು. ಎರಡು ದಿನದ ಕೆಲಸ’ ಎಂದರು.

ಮರುದಿನ ಟೈಲ್ಸ್ ಎದ್ದವು. ಕೆಳಗೆ ತುಕ್ಕು ಹಿಡಿದ ಜಿ.ಐ. ಪೈಪು ಕಂಡಿತು. ಹೇಗೂ ನೆಲ ಅಗೆದಾಗಿದೆ, ಪೈಪೂ ಬದಲಾಗಲಿ ಎಂದೆ. ಪೈಪಿಗಾಗಿ ಗೋಡೆ ಕೊರೆಯಬೇಕಾಯಿತು. ಹೇಗೂ ಗೋಡೆ ಕೊರೆದಾಗಿದೆ, ಅದಕ್ಕೂ ಹೊಸ ಟೈಲ್ಸ್ ಬರಲಿ ಎಂದಳು ಹೆಂಡತಿ. ಹೇಗೂ ಮರಳು ಸಿಮೆಂಟು ಅಂಗಳಕ್ಕೆ ಬಂದು ಬಿದ್ದಿದೆ, ತುಳಸಿಕಟ್ಟೆಯ ಬಿರುಕು ಮುಚ್ಚಿಸು ಎಂದರು ಅಮ್ಮ. ಹೇಗೂ ಎಲೆಕ್ಟ್ರಿಷಿಯನ್ ಬಂದಿದ್ದಾನಲ್ಲ, ನನ್ನ ರೂಮಿಗೊಂದು ಪಾಯಿಂಟ್ ಎಂದ ಮಗ. ಎರಡು ದಿನದ ಕೆಲಸ ಎರಡೂವರೆ ತಿಂಗಳು ನಡೆಯಿತು. ಖರ್ಚಿನ ಲೆಕ್ಕ ಇಲ್ಲಿ ಬೇಡ. ಕೊನೆಗೆ ಎಲ್ಲ ಮುಗಿದು, ಮೇಸ್ತ್ರಿಗೆ ಬಾಕಿ ಚುಕ್ತಾ ಮಾಡಿ, ಹೊಳೆಯುವ ಹೊಸ ನಲ್ಲಿ ತಿರುಗಿಸಿ ನೀರು ಬಿಟ್ಟೆ. ಅದೇ ಮೂಲೆಯಲ್ಲಿ ನೀರು ನಿಂತಿತು.

ಮೇಸ್ತ್ರಿಯನ್ನು ಬೈಯಲು ಬಾಯಿ ಬರಲಿಲ್ಲ. ಆ ಎರಡೂವರೆ ತಿಂಗಳಲ್ಲಿ ನಾವು ಅವರ ಹತ್ತಿರ ಟೈಲ್ಸಿನ ಬಣ್ಣ ಮಾತಾಡಿದ್ದೆವು, ನಲ್ಲಿಯ ಕಂಪನಿ ಮಾತಾಡಿದ್ದೆವು, ಸ್ವಿಚ್ಚು ಎಲ್ಲಿರಬೇಕೆಂದು ಜಗಳವಾಡಿದ್ದೆವು. ವಾಟದ ಮಾತು ಮೊದಲ ದಿನದ ನಂತರ ಯಾರ ಬಾಯಲ್ಲೂ ಬಂದಿರಲಿಲ್ಲ.

ಬೆಂಗಳೂರಿನ ಐ.ಟಿ. ಕಚೇರಿಗಳಲ್ಲಿ ಇದಕ್ಕೆ ‘ಸ್ಕೋಪ್ ಕ್ರೀಪ್’ ಎನ್ನುತ್ತಾರೆ. ಸ್ಕೋಪ್ ಎಂದರೆ ಯೋಜನೆಯ ವ್ಯಾಪ್ತಿ, ಅಂದರೆ ಒಪ್ಪಿಕೊಂಡ ಕೆಲಸದ ಎಲ್ಲೆ. ಆ ಎಲ್ಲೆ ಸದ್ದಿಲ್ಲದೆ ತೆವಳಿಕೊಂಡು ಮುಂದೆ ಹೋಗುವುದೇ ಕ್ರೀಪ್. ಹೊಲ ಉಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬದು ಒತ್ತುವುದು ಹೀಗೆಯೇ. ಯಾರೂ ಒಂದೇ ರಾತ್ರಿಯಲ್ಲಿ ಪಕ್ಕದವರ ಹೊಲ ನುಂಗುವುದಿಲ್ಲ. ಪ್ರತಿ ಉಳುಮೆಯಲ್ಲೂ ನೇಗಿಲ ಮೊನೆ ಒಂದು ಗೇಣು ಆಚೆ ಹೋಗುತ್ತದೆ. ಹತ್ತು ವರ್ಷದ ಮೇಲೆ ಸರ್ವೆಯವರು ಬಂದು ಬಾಂದುಕಲ್ಲು ಹುಡುಕಿದಾಗ ಅದು ಹೊಲದ ನಡುಮಧ್ಯದಲ್ಲಿ ಸಿಗುತ್ತದೆ. ಯೋಜನೆಗೂ ಒಂದು ಬಾಂದುಕಲ್ಲು ಬೇಕು. ಅದನ್ನು ಕೆಲಸ ಶುರುವಾಗುವ ಮೊದಲೇ ನೆಡಬೇಕು. ಜಗಳ ಶುರುವಾದ ಮೇಲೆ ನೆಟ್ಟ ಕಲ್ಲನ್ನು ಯಾರೂ ಒಪ್ಪುವುದಿಲ್ಲ.

ಆ ಕಲ್ಲಿನ ಮೇಲೆ ಬರೆಯಬೇಕಾದದ್ದು ಮೂರು ಸಂಗತಿ. ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಮುಗಿಯಿತು ಎಂದು ಹೇಗೆ ಗೊತ್ತಾಗುತ್ತದೆ. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯದನ್ನು ಬರೆಯಲು ಸಂಕೋಚ. ಮೂರನೆಯದು ಎಲ್ಲರಿಗೂ ಗೊತ್ತೇ ಇದೆ ಎಂಬ ಭಾವನೆ. ನಮ್ಮ ಬಚ್ಚಲುಮನೆ ಕೆಟ್ಟದ್ದು ಈ ಮೂರನೆಯದರಲ್ಲಿ. ‘ಒಂದು ಚೊಂಬು ನೀರು ಸುರಿದರೆ ಎರಡು ನಿಮಿಷದಲ್ಲಿ ಮೂಲೆ ಒಣಗಬೇಕು’ ಎಂದು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ, ನೂರು ಹೊಸ ಆಸೆಗಳ ನಡುವೆಯೂ ಆ ಚೀಟಿ ಕಣ್ಣಿಗೆ ಬೀಳುತ್ತಿತ್ತು.

ಸಣ್ಣ ಸೇರ್ಪಡೆಗಳು ಇಷ್ಟೊಂದು ದುಬಾರಿಯಾಗುವುದೇಕೆ? ಅದರ ಹಿಂದೆ ಸರಳವಾದೊಂದು ಲೆಕ್ಕವಿದೆ. ಒಂದು ಕೆಲಸದಲ್ಲಿ 5 ಭಾಗಗಳಿದ್ದರೆ, ಅವು ಒಂದಕ್ಕೊಂದು ತಾಗುವ ಜೋಡಿಗಳು 10. ಇನ್ನೊಂದು ಭಾಗ ಸೇರಿಸಿ 6 ಮಾಡಿದರೆ ಜೋಡಿಗಳು 15 ಆಗುತ್ತವೆ. ಭಾಗಗಳು 10 ಆದಾಗ ಜೋಡಿಗಳು 45. ಕೆಲಸ ಎರಡರಷ್ಟಾದರೆ ತಲೆನೋವು ನಾಲ್ಕೂವರೆ ಪಟ್ಟು. ಮದುವೆಮನೆಯಲ್ಲಿ ‘ಹೇಗೂ ಛತ್ರ ಹಿಡಿದಿದ್ದೇವೆ, ಹಿಂದಿನ ರಾತ್ರಿ ಒಂದು ಸಂಗೀತ ಇಟ್ಟುಕೊಳ್ಳೋಣ’ ಎಂದಾಗ ಸೇರುವುದು ಗಾಯಕರ ಸಂಭಾವನೆಯೊಂದೇ ಅಲ್ಲ. ಮೈಕು, ಜಮಖಾನೆ, ರಾತ್ರಿ ಊಟದ ಎಲೆಗಳ ಸಂಖ್ಯೆ, ಬೀಗರ ಬಸ್ಸು ಹೊರಡುವ ಹೊತ್ತು, ಮರುದಿನ ಮುಹೂರ್ತಕ್ಕೆ ಏಳಲಾಗದವರ ನಿದ್ದೆ, ಎಲ್ಲವೂ ಅಲುಗಾಡುತ್ತವೆ. ಅದರ ಮೇಲೆ ಹೊತ್ತಿನ ಪ್ರಶ್ನೆ ಬೇರೆ. ನಕ್ಷೆಯಲ್ಲಿ ಕಿಟಕಿ ಸರಿಸಲು ರಬ್ಬರು ಸಾಕು. ಗೋಡೆ ಎದ್ದ ಮೇಲೆ ಸುತ್ತಿಗೆ ಬೇಕು. ಬಣ್ಣ ಬಳಿದ ಮೇಲಾದರೆ ಮನೆಯವರ ಮನಸ್ಸೂ ಒಡೆಯುತ್ತದೆ.

ಇದನ್ನು ಜಗತ್ತಿಗೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದ ಕಟ್ಟಡವೊಂದಿದೆ. ಆಸ್ಟ್ರೇಲಿಯಾದ ಸಿಡ್ನಿಯ ಒಪೆರಾ ಹೌಸ್. ಕ್ಯಾಲೆಂಡರುಗಳಲ್ಲಿ ಎಲ್ಲರೂ ನೋಡಿದ, ಹಾಯಿಬಿಚ್ಚಿದ ಹಡಗಿನಂಥ ಆ ಬಿಳಿ ಚಾವಣಿಯ ಕೆಳಗೆ ಏನೇನಾಯಿತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಗೆ 233 ನಕ್ಷೆಗಳು ಬಂದವು. 1957ರ ಜನವರಿಯಲ್ಲಿ ಡೆನ್ಮಾರ್ಕಿನ ಯುವ ವಾಸ್ತುಶಿಲ್ಪಿ ಯೊರ್ನ್ ಉಟ್ಜನ್ ಗೆದ್ದರು. ಅವರು ಕೊಟ್ಟದ್ದು ಬಹುಮಟ್ಟಿಗೆ ಕಲ್ಪನೆಯ ರೇಖೆಗಳು. ಆ ಚಾವಣಿಯನ್ನು ನಿಲ್ಲಿಸುವುದು ಹೇಗೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಆದರೆ ಆ ರಾಜ್ಯದ ಪ್ರೀಮಿಯರ್ ಜೋಸೆಫ್ ಕಾಹಿಲ್ ಅವರಿಗೆ ಅವಸರ. ಜನಾಭಿಪ್ರಾಯ ಬದಲಾಗುವ ಮೊದಲು ನೆಲ ಅಗೆದುಬಿಡಬೇಕು ಎಂಬುದು ಅವರ ಲೆಕ್ಕಾಚಾರ. 1959ರ ಮಾರ್ಚಿನಲ್ಲಿ ಕೆಲಸ ಶುರುವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾಹಿಲ್ ತೀರಿಕೊಂಡರು. ಅಂದಾಜು ಖರ್ಚು 70 ಲಕ್ಷ ಆಸ್ಟ್ರೇಲಿಯನ್ ಡಾಲರು. ಬಾಗಿಲು ತೆರೆಯಬೇಕಿದ್ದದ್ದು 1963ರ ಜನವರಿ 26ಕ್ಕೆ.

ಚಾವಣಿಯ ಲೆಕ್ಕ ಇತ್ಯರ್ಥವಾಗುವ ಮುಂಚೆಯೇ ಅದನ್ನು ಹೊರಬೇಕಾದ ಕಂಬಗಳು ಎದ್ದುನಿಂತವು. ಚಾವಣಿಯ ಎಲ್ಲ ಪದರಗಳನ್ನೂ ಒಂದೇ ಗೋಲದ ಮೈಯಿಂದ ಕತ್ತರಿಸಿ ತೆಗೆದಂತೆ ಕಟ್ಟಬಹುದೆಂಬ ಸೊಗಸಾದ ಪರಿಹಾರ ಹೊಳೆದದ್ದು 1961ರಲ್ಲಿ. ಆ ಭಾರ ಹೊರಲು ಹಳೆಯ ಕಂಬಗಳಿಗೆ ತಾಕತ್ತಿರಲಿಲ್ಲ. ಅವನ್ನು ಮತ್ತೆ ಕಟ್ಟಬೇಕಾಯಿತು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದ್ದಕ್ಕೆ ತೆತ್ತ ಬೆಲೆ ಅದು.

ಆದರೆ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಸ್ಪರ್ಧೆಯ ಷರತ್ತಿನಲ್ಲಿ ದೊಡ್ಡ ಸಭಾಂಗಣ ಯಾತಕ್ಕಾಗಿ ಎಂಬ ಪ್ರಶ್ನೆಗೆ ಉತ್ತರ ಒಂದಲ್ಲ, ಹಲವು. ಸಿಂಫನಿ ವಾದ್ಯಗೋಷ್ಠಿಗೂ ಅದೇ, ಒಪೆರಾಕ್ಕೂ ಅದೇ, ಬ್ಯಾಲೆಗೂ ಅದೇ, ಬಹಿರಂಗ ಸಭೆಗೂ ಅದೇ. ವಾದ್ಯಗೋಷ್ಠಿಗೆ ಬೇಕಾದದ್ದು ನಾದ ತುಂಬಿ ನಿಲ್ಲುವ ಎತ್ತರದ ಕೋಣೆ. ಒಪೆರಾಕ್ಕೆ ಬೇಕಾದದ್ದು ಮಾತು ಸ್ಪಷ್ಟವಾಗಿ ಕೇಳುವ ಕೋಣೆ, ಜೊತೆಗೆ ರಂಗಸಜ್ಜಿಕೆ ಏರಿಳಿಯುವ ಭಾರಿ ಯಂತ್ರ. ಎರಡನ್ನೂ ಒಂದೇ ಗೋಡೆಗಳ ನಡುವೆ ಕೂರಿಸುವುದು ಬಲು ಕಷ್ಟ. ಒಂದನ್ನು ಆರಿಸಿ ಇನ್ನೊಂದನ್ನು ಬಿಡಲು ಆರಂಭದಲ್ಲಿ ಯಾರೂ ಮುಂದಾಗಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಹತ್ತು ವರ್ಷ ಕಳೆದರು.

1965ರಲ್ಲಿ ಸರಕಾರ ಬದಲಾಯಿತು. ಹಣ ತಡೆದರು, ಜಗಳ ಬೆಳೆಯಿತು, 1966ರ ಫೆಬ್ರವರಿಯಲ್ಲಿ ಉಟ್ಜನ್ ಕೆಲಸ ಬಿಟ್ಟು ಹೊರಟರು. ನಂತರ ಬಂದವರು ದೊಡ್ಡ ಸಭಾಂಗಣವನ್ನು ವಾದ್ಯಗೋಷ್ಠಿಗೆ ಮಾತ್ರ ಎಂದು ತೀರ್ಮಾನಿಸಿದರು. ಅಷ್ಟರಲ್ಲಿ ಅಲ್ಲಿ ಕೂರಿಸಲಾಗಿದ್ದ ಒಪೆರಾದ ರಂಗಯಂತ್ರಗಳನ್ನು ಕಿತ್ತು ಹೊರಗೆ ಹಾಕಿದರು. ಒಪೆರಾ ಚಿಕ್ಕ ಸಭಾಂಗಣಕ್ಕೆ ಹೋಯಿತು. ಅಲ್ಲಿ ವಾದ್ಯದವರು ಕೂರುವ ತಗ್ಗು ಇಕ್ಕಟ್ಟಿನದು. 1973ರ ಅಕ್ಟೋಬರ್ 20ರಂದು ರಾಣಿ ಎಲಿಜಬೆತ್ ಕಟ್ಟಡವನ್ನು ಉದ್ಘಾಟಿಸಿದಾಗ, ಲೆಕ್ಕಕ್ಕಿಂತ ಹತ್ತು ವರ್ಷ ತಡವಾಗಿತ್ತು. ಖರ್ಚು 10 ಕೋಟಿ 20 ಲಕ್ಷ ಡಾಲರಿಗೆ ಏರಿತ್ತು. ಅದರ ಬಹುಪಾಲು ಹಣವನ್ನು ಲಾಟರಿಯಿಂದ ಎತ್ತಿದರು.

‘ಆದರೇನು, ಇವತ್ತು ಆ ಕಟ್ಟಡ ದೇಶದ ಗುರುತಾಗಿದೆಯಲ್ಲ, 2007ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೂ ಸೇರಿತಲ್ಲ’ ಎಂದು ಯಾರಾದರೂ ಕೇಳಬಹುದು. ಹೌದು. ತಡವಾದದ್ದನ್ನೂ ದುಡ್ಡು ಹರಿದದ್ದನ್ನೂ ಜನ ಮರೆತಿದ್ದಾರೆ. ಆದರೆ ಒಪೆರಾ ಹೌಸ್ ಎಂಬ ಹೆಸರಿನ ಕಟ್ಟಡದಲ್ಲಿ ಒಪೆರಾಕ್ಕೇ ದೊಡ್ಡ ಕೋಣೆ ಸಿಗಲಿಲ್ಲ ಎಂಬುದು ಇಂದಿಗೂ ಹಾಗೇ ಇದೆ. ಎಲ್ಲೆ ತಪ್ಪಿದ ಯೋಜನೆಯಲ್ಲಿ ದುಡ್ಡು ಹೋಗುತ್ತದೆ, ಕಾಲ ಹೋಗುತ್ತದೆ ಎನ್ನುವುದು ಸಾಮಾನ್ಯ ತಿಳಿವಳಿಕೆ. ಅದಕ್ಕೂ ಮೊದಲು ಕಳೆದುಹೋಗುವುದು ಯಾವ ಕಾರಣಕ್ಕೆ ಕೆಲಸ ಹಿಡಿದೆವೋ ಆ ಕಾರಣ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂದು ನಮ್ಮ ಹಿರಿಯರು ನಕ್ಕದ್ದು ಇದಕ್ಕೇ. ಅಪ್ಪ ಚೆನ್ನಾಗಿಯೇ ಬಂದಿರಬಹುದು. ಆದರೆ ಚೌತಿಯ ದಿನ ಮಣೆಯ ಮೇಲೆ ಕೂರಿಸಲು ಗಣಪತಿ ಇಲ್ಲ.

ಹಾಗಾದರೆ ದೊಡ್ಡದನ್ನು ಬಯಸುವುದೇ ತಪ್ಪೇ? ಈ ಪ್ರಶ್ನೆಗೆ ಉತ್ತರ ಮಂಡ್ಯ ಜಿಲ್ಲೆಯ ಕನ್ನಂಬಾಡಿ ಅಣೆಕಟ್ಟೆಯಲ್ಲಿದೆ.

1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ನೀರು ಹಿಡಿದಿಟ್ಟರೆ ಗಣಿಗೆ ವರ್ಷವಿಡೀ ವಿದ್ಯುತ್ತು, ಮಂಡ್ಯದ ಬಯಲಿಗೆ ನಾಲೆ. ಇದು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರ ಯೋಜನೆ. ಅವರ ಮನಸ್ಸಿನಲ್ಲಿದ್ದ ಜಲಾಶಯದ ಗಾತ್ರ 41.5 ಟಿಎಂಸಿ. ಕೆಳಗಿನ ಮದ್ರಾಸ್ ಸರಕಾರಕ್ಕೆ ತನ್ನ ಪಾಲಿನ ನೀರಿನ ಆತಂಕ. ಹೀಗಾಗಿ ಯೋಜನೆ ಎರಡು ಹಂತವಾಯಿತು. ಮದ್ರಾಸ್ ಒಪ್ಪಿದ್ದು 11 ಟಿಎಂಸಿಯ ಮೊದಲ ಹಂತಕ್ಕೆ ಮಾತ್ರ. 1911ರ ನವೆಂಬರಿನಲ್ಲಿ ಕೆಲಸ ಶುರುವಾಯಿತು. ಸಾವಿರಾರು ಕೂಲಿಗಳು ಸುಣ್ಣ ಮತ್ತು ಸುರಕಿಯ ಗಾರೆಯಲ್ಲಿ ಕಲ್ಲು ಜೋಡಿಸಿದರು. ಆದರೆ ಅಡಿಪಾಯದ ಅಗಲ ಮಾತ್ರ ಮುಂದೊಂದು ದಿನ ಪೂರ್ಣ ಎತ್ತರಕ್ಕೆ ಏರಬಹುದಾದ ಅಣೆಕಟ್ಟಿಗೆ ತಕ್ಕಂತೆ ಇತ್ತು.

ಇದು ಮೈಸೂರಿನ ಕಣ್ಣಿಗೆ ದೂರದೃಷ್ಟಿ. ಮದ್ರಾಸಿನ ಕಣ್ಣಿಗೆ ಇದೇ ‘ಹೇಗೂ’. ಇಷ್ಟಗಲ ಅಡಿಪಾಯ ಹಾಕಿದವರು ನಾಳೆ ‘ಹೇಗೂ ತಳ ಗಟ್ಟಿಯಿದೆ, ಗೋಡೆ ಏರಿಸೋಣ’ ಎನ್ನುವುದಿಲ್ಲವೇ ಎಂಬ ಅನುಮಾನ. ಅದನ್ನು ಅನ್ಯಾಯದ ಅನುಮಾನ ಎನ್ನಲಾಗದು. ಒಬ್ಬರ ಮುಂದಾಲೋಚನೆ ಇನ್ನೊಬ್ಬರಿಗೆ ಒತ್ತುವರಿಯಂತೆ ಕಾಣುವುದು ಎಲ್ಲ ಯೋಜನೆಗಳಲ್ಲೂ ಇದ್ದದ್ದೇ. ವ್ಯತ್ಯಾಸ ಇರುವುದು ಇಷ್ಟರಲ್ಲಿ: ಎರಡನೆಯ ಹಂತ ಇಲ್ಲಿ ಗುಟ್ಟಾಗಿರಲಿಲ್ಲ, ಕಾಗದದಲ್ಲಿತ್ತು. ಮೈಸೂರು ಮತ್ತು ಮದ್ರಾಸ್ ನಡುವಿನ 1892ರ ಒಪ್ಪಂದದಂತೆ ವ್ಯಾಜ್ಯ ಪಂಚಾಯಿತಿಗೆ ಹೋಯಿತು. 1914ರಲ್ಲಿ ಪಂಚರಾದ ಗ್ರಿಫಿನ್ ಅವರ ತೀರ್ಪು ಮೈಸೂರಿನ ಪರವಾಗಿ ಬಂದಿತು. ಮದ್ರಾಸ್ ಮೇಲ್ಮನವಿ ಹಾಕಿತು. ಮಾತುಕತೆಗಳ ನಂತರ 1924ರ ಫೆಬ್ರವರಿ 18ರ ಒಪ್ಪಂದ 44.827 ಟಿಎಂಸಿಯ ಜಲಾಶಯಕ್ಕೆ ಅವಕಾಶ ಕೊಟ್ಟಿತು. 1930ರ ದಶಕದ ಆರಂಭದಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ತಳವನ್ನು ಒಡೆದು ಮತ್ತೆ ಕಟ್ಟುವ ಪ್ರಮೇಯವೇ ಬರಲಿಲ್ಲ. ಪ್ರವಾಸಿಗರು ಮುಗಿಬೀಳುವ ಬೃಂದಾವನ ಉದ್ಯಾನದ ಕೆಲಸ ಶುರುವಾದದ್ದು 1927ರಲ್ಲಷ್ಟೇ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ.

ಸಿಡ್ನಿಯಲ್ಲಿ ಕಂಬ ಮೊದಲು ಬಂತು, ಅದರ ಮೇಲೆ ಏನು ಎಂಬುದು ಆಮೇಲೆ. ಕನ್ನಂಬಾಡಿಯಲ್ಲಿ ಮೇಲೆ ಏನು ಬರಬೇಕೆಂದು ತಿಳಿದು ತಳ ಹಾಕಿದರು. ಆಸೆ ಎರಡೂ ಕಡೆ ದೊಡ್ಡದೇ. ಒಂದು ಕಡೆ ಆಸೆಗೆ ಹಂತವಿತ್ತು, ಹಂತಕ್ಕೆ ಕಾಗದವಿತ್ತು, ಕಾಗದಕ್ಕೆ ಪ್ರಶ್ನೆ ಕೇಳುವವರೂ ಇದ್ದರು.

ಇತ್ತೀಚಿನ ಒಂದು ಯೋಜನೆಯನ್ನೂ ನೋಡಬಹುದು. ಅದರ ಎರಡು ತುದಿಗಳಲ್ಲೂ ಕನ್ನಡನಾಡಿನವರಿದ್ದರು. 2009ರಲ್ಲಿ ನಂದನ್ ನಿಲೇಕಣಿ ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರು. ನೂರು ಕೋಟಿಗೂ ಮೀರಿದ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಬೆರಳಚ್ಚು, ಕಣ್ಣಿನ ಪಾಪೆ, ಫೋಟೊ ತೆಗೆಯುವ ಕೆಲಸ. ಇಲ್ಲಿ ‘ಹೇಗೂ’ ಎನ್ನಲು ಎಂಥ ಆಮಿಷ! ಹೇಗೂ ಮುಂದೆ ಬಂದು ಕೂತಿದ್ದಾರೆ, ಜಾತಿ ಕೇಳೋಣ, ಆದಾಯ ಕೇಳೋಣ, ಕಾಯಿಲೆ ಕೇಳೋಣ. ಆದರೆ ಅರ್ಜಿಯಲ್ಲಿ ಕಡ್ಡಾಯವಾಗಿ ಉಳಿದದ್ದು ಹೆಸರು, ಲಿಂಗ, ವಯಸ್ಸು, ವಿಳಾಸ ಎಂಬ ನಾಲ್ಕೇ ವಿವರ. ಫೋನು, ಇಮೇಲು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. 2016ರ ಆಧಾರ್ ಕಾಯ್ದೆಯಲ್ಲಂತೂ ಬೇಡದವುಗಳ ಪಟ್ಟಿಯೇ ಇದೆ. ಜನಾಂಗ, ಧರ್ಮ, ಜಾತಿ, ಬುಡಕಟ್ಟು, ಭಾಷೆ, ಆದಾಯ, ವೈದ್ಯಕೀಯ ಇತಿಹಾಸ ಇವೆಲ್ಲ ಈ ವಿವರದಲ್ಲಿ ಸೇರತಕ್ಕದ್ದಲ್ಲ ಎಂದು ಬರೆದಿದ್ದಾರೆ. ಒಂದು ಯೋಜನೆಯ ‘ಇಲ್ಲ’ಗಳನ್ನು ಕಾಯ್ದೆಯ ಭಾಷೆಯಲ್ಲೇ ಬರೆದಿಟ್ಟದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಕೆಲಸ ವೇಗವಾಗಿ ನಡೆದದ್ದಕ್ಕೆ ಅರ್ಜಿ ಅಷ್ಟು ಚಿಕ್ಕದಾಗಿದ್ದದ್ದೂ ಒಂದು ಕಾರಣ.

ಎಲ್ಲೆ ಜಾರಿದ್ದು ಇನ್ನೊಂದು ಕಡೆಯಿಂದ. ಏನನ್ನು ಸಂಗ್ರಹಿಸುವುದಿಲ್ಲ ಎಂದು ಬರೆದಿದ್ದರು. ಎಲ್ಲೆಲ್ಲಿ ಕೇಳಬಾರದು ಎಂಬುದರ ಪಟ್ಟಿ ಅಷ್ಟು ಬಿಗಿಯಾಗಿರಲಿಲ್ಲ. ಹೇಗೂ ಎಲ್ಲರ ಕೈಯಲ್ಲೂ ಸಂಖ್ಯೆ ಇದೆ ಎಂದು ಬ್ಯಾಂಕು ಕೇಳಿತು, ಸಿಮ್ ಮಾರುವವನು ಕೇಳಿದ, ಶಾಲೆ ಕೇಳಿತು. ಆಧಾರ್ ಅನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರ ತೀರ್ಪು ಯೋಜನೆಯನ್ನು ಉಳಿಸಿತು, ಅದರ ಬದುವನ್ನು ಮಾತ್ರ ಹೊಸದಾಗಿ ಗುರುತಿಸಿತು. ಸರಕಾರದ ಸಹಾಯಧನಕ್ಕೆ, ಪ್ಯಾನ್ ಸಂಖ್ಯೆಗೆ ಆಧಾರ್ ಸರಿ. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯವಲ್ಲ. ನಾವು ಬರೆಯದೆ ಬಿಟ್ಟ ‘ಇಲ್ಲ’ಗಳನ್ನು ಒಂದಲ್ಲ ಒಂದು ದಿನ ಬೇರೆ ಯಾರೋ ಬರೆಯಬೇಕಾಗುತ್ತದೆ.

ಇನ್ನು ಇದನ್ನು ದಿನನಿತ್ಯದ ಕೆಲಸದಲ್ಲಿ ಅಳವಡಿಸುವ ಬಗೆ. ಲೋಕೋಪಯೋಗಿ ಗುತ್ತಿಗೆಯಲ್ಲಿ ‘ಎಕ್ಸ್‌ಟ್ರಾ ಐಟಂ’ ಎಂಬ ಮಾತಿದೆ. ಮೂಲ ಅಂದಾಜುಪಟ್ಟಿಯಲ್ಲಿ ಇಲ್ಲದ ಕೆಲಸ ಬಂದರೆ ಅದಕ್ಕೆ ಬೇರೆ ದರ, ಬೇರೆ ಮಂಜೂರಾತಿ. ಸಾಫ್ಟ್‌ವೇರಿನವರ ‘ಚೇಂಜ್ ರಿಕ್ವೆಸ್ಟ್’ ಕೂಡ ಅದೇ ವಂಶದ್ದು. ಇವೆರಡನ್ನೂ ಜನ ಕೆಂಪುಪಟ್ಟಿ ಎಂದು ಬೈಯುತ್ತಾರೆ. ವಾಸ್ತವದಲ್ಲಿ ಆ ಚೀಟಿ ಮಾಡುವ ಕೆಲಸ ಒಂದೇ, ‘ಹೇಗೂ’ ಎಂಬ ಮಾತಿಗೆ ಬೆಲೆಯ ಚೀಟಿ ಅಂಟಿಸುವುದು. ಎಷ್ಟು ದುಡ್ಡು, ಎಷ್ಟು ದಿನ, ಯಾವ ಕೆಲಸ ಇದರಿಂದ ಹಿಂದೆ ಬೀಳುತ್ತದೆ ಎಂದು ಬರೆದು ಸಹಿ ಕೇಳಿದರೆ, ಅರ್ಧಕ್ಕರ್ಧ ಬೇಡಿಕೆಗಳು ತಾವಾಗಿ ಎದ್ದುಹೋಗುತ್ತವೆ. ಉಳಿದ ಅರ್ಧ ನಿಜವಾಗಿ ಬೇಕಾದವು. ಅವನ್ನು ಸಂತೋಷದಿಂದ ಮಾಡಬಹುದು.

ಆ ಸಹಿ ಒಬ್ಬರದೇ ಆಗಿರಬೇಕು. ನಮ್ಮ ಮನೆಯಲ್ಲಿ ಮೇಸ್ತ್ರಿಗೆ ಯಜಮಾನರು ನಾಲ್ವರಿದ್ದರು. ಅಮ್ಮ ಹೇಳಿದ್ದು ಮಗನಿಗೆ ಗೊತ್ತಿಲ್ಲ, ಮಗ ಹೇಳಿದ್ದು ಹೆಂಡತಿಗೆ ಗೊತ್ತಿಲ್ಲ. ಎಲ್ಲರ ಮಾತಿಗೂ ‘ಆಯ್ತು’ ಎಂದದ್ದು ಮೇಸ್ತ್ರಿಯ ಸೌಜನ್ಯ. ಕಚೇರಿಗಳಲ್ಲೂ ಇದೇ ಆಗುತ್ತದೆ. ಗ್ರಾಹಕರ ಕಡೆಯ ಮೂವರು ಮೂರು ಬೇರೆ ಫೋನ್ ಕರೆಗಳಲ್ಲಿ ‘ಒಂದು ಸಣ್ಣ ಚೇಂಜ್ ಅಷ್ಟೇ’ ಎನ್ನುತ್ತಾರೆ. ಹುಡುಗರು ಶನಿವಾರ ಭಾನುವಾರ ಕೂತು ಮಾಡುತ್ತಾರೆ. ಕೆಲವು ಸಲ ಯಾರೂ ಕೇಳದಿದ್ದರೂ ಮಾಡುವವರೇ ಅಂದಕ್ಕೆಂದು ಏನೋ ಸೇರಿಸಿಬಿಡುತ್ತಾರೆ. ಅದಕ್ಕೆ ‘ಗೋಲ್ಡ್ ಪ್ಲೇಟಿಂಗ್’ ಎಂಬ ಹೆಸರಿದೆ. ಚಿನ್ನದ ಲೇಪ ಕೊಟ್ಟ ಸೌಟಿನಲ್ಲೂ ಬಡಿಸುವುದು ಅದೇ ಸಾರು.

1990ರ ದಶಕದಲ್ಲಿ ಬ್ರಿಟನ್ನಿನ ಸಾಫ್ಟ್‌ವೇರ್ ಪರಿಣತ ಡೈ ಕ್ಲೆಗ್ ಬೇಡಿಕೆಗಳನ್ನು ನಾಲ್ಕು ಬುಟ್ಟಿಗೆ ಹಾಕುವ ವಿಧಾನವೊಂದನ್ನು ಹೇಳಿದರು. ಬೇಕೇ ಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲ ಇಲ್ಲ. ಈ ನಾಲ್ಕನೆಯ ಬುಟ್ಟಿಯಲ್ಲಿ ಜಾಣತನವಿದೆ. ಅದರ ಮೇಲಿನ ಹೆಸರು ‘ಬೇಡ’ ಎಂದಲ್ಲ, ‘ಈ ಸಲ ಇಲ್ಲ’ ಎಂದು. ಮುಖಕ್ಕೆ ಹೊಡೆದಂತೆ ‘ಆಗುವುದಿಲ್ಲ’ ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ನೆಂಟರ ಮುಂದೆ ಏಳುವುದಿಲ್ಲ, ಮೇಲಧಿಕಾರಿಯ ಮುಂದಂತೂ ಇಲ್ಲವೇ ಇಲ್ಲ. ‘ನೋಡೋಣ’ ಎಂದು ಜಾರಿಕೊಳ್ಳುತ್ತೇವೆ. ಕೇಳಿದವರು ಅದನ್ನು ‘ಹೂಂ’ ಎಂದುಕೊಳ್ಳುತ್ತಾರೆ. ಮುಂದಿನ ಜಗಳದ ಬೀಜ ಬಿದ್ದದ್ದು ಅಲ್ಲಿಯೇ. ‘ಈ ಸಲ ಇಲ್ಲ, ಮುಂದಿನ ಪಟ್ಟಿಯಲ್ಲಿ ಬರೆದಿದ್ದೇನೆ, ನೋಡಿ’ ಎಂದು ತೋರಿಸಿದರೆ ಕೇಳಿದವರ ಮರ್ಯಾದೆಯೂ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ.

ಎಲ್ಲವನ್ನೂ ಮೊದಲೇ ಬರೆಯಲು ಆಗುವುದಿಲ್ಲ ಎನ್ನುವವರಿದ್ದಾರೆ. ಅವರ ಮಾತು ನಿಜ. ನೆಲ ಅಗೆದ ಮೇಲಷ್ಟೇ ತುಕ್ಕು ಹಿಡಿದ ಪೈಪು ಕಾಣುವುದು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಬರೆದ ‘ಅಜೈಲ್’ ಘೋಷಣೆಯ ಹಿಂದೆ ಇದೇ ಅನುಭವವಿತ್ತು. ಬದಲಾವಣೆ ಬಂದೇ ಬರುತ್ತದೆ, ಅದನ್ನು ಎದುರಿಸುವ ಬದಲು ಬರಮಾಡಿಕೊಳ್ಳಿ ಎಂದರು. ಆದರೆ ಇದನ್ನು ‘ಎಲ್ಲೆಯೇ ಬೇಡ’ ಎಂದು ಓದಿಕೊಂಡವರು ಕೆಟ್ಟರು. ಈ ಪದ್ಧತಿಯನ್ನು ಸರಿಯಾಗಿ ನಡೆಸುವವರು ಕಾಲವನ್ನು ಕಟ್ಟಿಹಾಕಿ ಕೆಲಸವನ್ನು ಸಡಿಲ ಬಿಡುತ್ತಾರೆ. ಎರಡೋ ಮೂರೋ ವಾರದ ಒಂದು ಅವಧಿ, ಅದಕ್ಕೆ ಹಿಡಿಸುವಷ್ಟೇ ಕೆಲಸ, ಆ ಅವಧಿಯೊಳಗೆ ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ಹಾಸಿಗೆಯ ಉದ್ದ ಅಲ್ಲಿ ಬದಲಾಗುವುದಿಲ್ಲ, ಯಾರ ಕಾಲು ಚಾಚಬೇಕೆಂಬುದನ್ನು ಮಾತ್ರ ದಿನಾ ಕೂತು ತೀರ್ಮಾನಿಸುತ್ತಾರೆ.

ಹೀಗಾಗಿ ‘ಹೇಗೂ’ ಎಂಬ ಮಾತನ್ನು ಬಾಯಿಂದ ಕಿತ್ತುಹಾಕಬೇಕಿಲ್ಲ. ಅದರಲ್ಲಿ ಸ್ವಲ್ಪ ಸತ್ಯ ಇದ್ದೇ ಇರುತ್ತದೆ. ಅಗೆದ ನೆಲವನ್ನು ಮತ್ತೆ ಅಗೆಯುವುದು ನಿಜಕ್ಕೂ ನಷ್ಟ, ತುಕ್ಕು ಹಿಡಿದ ಪೈಪನ್ನು ಹಾಗೇ ಮುಚ್ಚುವುದು ದಡ್ಡತನ. ಪ್ರತಿ ‘ಹೇಗೂ’ವಿನ ಬೆನ್ನಿಗೆ ‘ಹಾಗಾದರೆ ಏನನ್ನು ಬಿಡೋಣ?’ ಎಂಬ ಪ್ರಶ್ನೆ ಬಂದರೆ ಸಾಕು. ಪೈಪಿನಂಥವು ಆ ಪ್ರಶ್ನೆಯನ್ನು ದಾಟಿ ಒಳಗೆ ಬರುತ್ತವೆ. ತುಳಸಿಕಟ್ಟೆ ದೀಪಾವಳಿಯವರೆಗೆ ಕಾಯಲು ಒಪ್ಪುತ್ತದೆ.

ಮಳೆಗಾಲ ಮುಗಿದ ಮೇಲೆ ಅದೇ ಮೇಸ್ತ್ರಿಯನ್ನು ಮತ್ತೆ ಕರೆದೆ. ಈ ಸಲ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೆವು. ಮೇಲುಗಡೆ ‘ಒಂದು ಚೊಂಬು ನೀರು, ಎರಡು ನಿಮಿಷ’. ಕೆಳಗೆ ‘ಈ ಸಲ ಇಲ್ಲ’ ಎಂದು ಬರೆದು ಖಾಲಿ ಜಾಗ. ಎರಡು ದಿನದಲ್ಲಿ ಆ ಖಾಲಿ ಜಾಗದಲ್ಲಿ ನಾಲ್ಕು ಕೈಬರಹಗಳಲ್ಲಿ ಏಳು ಆಸೆಗಳು ತುಂಬಿಕೊಂಡವು. ಅದರಲ್ಲೊಂದು ಸೋಲಾರ್. ಮೇಸ್ತ್ರಿ ಆ ಹಾಳೆಯನ್ನು ಕನ್ನಡಕ ಏರಿಸಿ ಓದಿ, ಗೋಡೆಯ ಬುಡದಲ್ಲಿ ತೆರೆದಿದ್ದ ಕೊರಕಲನ್ನು ನೋಡಿ, ‘ಸೋಲಾರ್ ಯಾವತ್ತಾದ್ರೂ ಹಾಕ್ಸಿ ಸಾರ್. ಈಗ ಇಲ್ಲೊಂದು ಖಾಲಿ ಪೈಪ್ ಬಿಟ್ಟಿರ್ತೀನಿ. ಆವಾಗ ಗೋಡೆ ಒಡೆಯೋದು ತಪ್ಪುತ್ತೆ’ ಎಂದರು. ‘ಅದಕ್ಕೆ ಏನನ್ನು ಬಿಡೋಣ?’ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ‘ನನ್ನ ಮಧ್ಯಾಹ್ನದ ಚಾ’ ಎಂದರು.

ಖಾಲಿ ಪೈಪು ಗೋಡೆಯೊಳಗೆ ಸೇರಿತು. ಸಂಜೆ ಅವರೇ ಚೊಂಬು ತುಂಬಿ ಮೂಲೆಗೆ ಸುರಿದರು. ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತು ನೆಲ ನೋಡಿದೆವು. ನೀರು ಒಂದು ಕ್ಷಣ ಅನುಮಾನಿಸಿದಂತೆ ನಿಂತು, ಆಮೇಲೆ ಜಾಲರಿಯ ಕಡೆಗೆ ಹರಿಯಿತು. ಚಾ ಮಾಡಲು ಹೆಂಡತಿ ಒಳಗೆ ಹೋದಳು.